ಕೆರೆಯಲ್ಲಿ ಕಂಡ ಕೊರಳು

ಕೆರೆಯ ಮೇಲೆ ಕಪ್ಪಗೆ ಏನು ಕಂಡರೂ ನೀರುಕಾಗೆ ಎಂದುಬಿಡುವ ಜನ ನಮ್ಮವರು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ಅದರ ವಯಸ್ಸು ಹೇಳುತ್ತಾರೆ. ಮುಷ್ಟಿ ಅರಳೆ ಹಿಂಜಿ ಯಾವ ಹೊಲದ್ದೆಂದು ಹೇಳುತ್ತಾರೆ. ಅಂಥ ಕಣ್ಣುಗಳು ಕೆರೆಯ ದಂಡೆಗೆ ಬಂದ ಕೂಡಲೇ ಕುರುಡಾಗುತ್ತವೆ. ಕಾರಣ ಬೇರೆ ಏನಲ್ಲ, ಸೊಕ್ಕು. ಮೀನು ತಿನ್ನುವ ಹಕ್ಕಿಯನ್ನು ನಮ್ಮಂಥ ಕೊರಳಲ್ಲಿ ಲಿಂಗ ಕಟ್ಟಿದ ಮನೆತನದವರು ನಿಂತು ನೋಡಬಾರದಂತೆ, ನೋಡಿದರೆ ಮೈಲಿಗೆಯಂತೆ. ನಾನು ಎರಡು ವರ್ಷ ದಿನಾಲು ನೋಡಿದೆ, ಮತ್ತು ನನ್ನ ಲಿಂಗ ಇನ್ನೂ ನನ್ನ ಕೊರಳಲ್ಲೇ ಇದೆ.

ಇದು ನರಗುಂದದಲ್ಲಿ ಅರಸರ ಗದ್ದಲ ಏಳುವುದಕ್ಕಿಂತ ಮೊದಲಿನ ಮಾತು. ನಾನು ಹುಟ್ಟಿದ್ದು ಅಸೂಟಿಯಲ್ಲಿ, ನನ್ನನ್ನು ಕೊಟ್ಟದ್ದು ಲಕ್ಕಲಕಟ್ಟಿಗೆ. ಮಠದ ಅಯ್ಯನವರು ಅಣ್ಣನಿಗೆ ಅಕ್ಷರ ಕಲಿಸುವಾಗ ಪಕ್ಕದಲ್ಲಿ ಕುಳಿತು ನಾನೂ ಕಲಿತೆ. ಅಣ್ಣ ಮರೆತ, ನಾನು ಮರೆಯಲಿಲ್ಲ. ಗಂಡ ಒಳ್ಳೆಯವನಿದ್ದ. ಜೋಳದ ಹೊಲದಲ್ಲಿ ಕಣಿಕೆ ಎತ್ತುವಾಗ ಹಾವು ಕಚ್ಚಿತು, ಮನೆಗೆ ತರುವಷ್ಟರಲ್ಲಿ ಮುಗಿದುಹೋಗಿದ್ದ. ಮಕ್ಕಳಿರಲಿಲ್ಲ. ಅತ್ತೆಯ ಮನೆಯವರು ಗಂಟು ಕಟ್ಟಿಕೊಟ್ಟು ಹೊರಗೆ ಕಳಿಸಿದರು. ತಂದೆ ತಾಯಿ ಆಗಲೇ ಹೋಗಿದ್ದರಿಂದ ನಾನು ಬಂದು ಬಿದ್ದದ್ದು ಅಣ್ಣನ ಮನೆಯಲ್ಲಿ.

ಅಣ್ಣನ ಮನೆ ಎಂದರೆ ಅತ್ತಿಗೆಯ ಮನೆ. ಅವಳು ಬೆಳಗಾದರೆ ನನಗೆ ಬಟ್ಟೆಯ ಗಂಟು ಹೊರಿಸಿ ಕೆರೆಗೆ ಕಳಿಸುತ್ತಿದ್ದಳು. ಗಂಡಸರು ಬಂಡಿ ಹೂಡಿ ಗಜೇಂದ್ರಗಡದ ಪೇಟೆಗೆ ಹೊರಡುವ ಹೊತ್ತಿನಲ್ಲಿ ಗಂಡ ಸತ್ತವಳು ಎದುರು ಬರಬಾರದಲ್ಲ! ಬಿಸಿಲು ಏರಿ ಬಂಡಿಗಳೆಲ್ಲ ಊರು ದಾಟಿದ ಮೇಲೆ ನಾನು ತಿರುಗಿ ಬರಬೇಕು. ಬಂದ ಮೇಲೆ ಬೀಸುವುದು, ಕುಟ್ಟುವುದು, ಸಗಣಿ ಬಾಚುವುದು. ಒಲೆಯ ಹತ್ತಿರ ಮಾತ್ರ ಹೋಗುವಂತಿಲ್ಲ. “ಒಲಿ ಮನಿ ಮಾಲಕಿದು ನೋಡವಾ,” ಎನ್ನುತ್ತಿದ್ದಳು. ಹಿಟ್ಟು ನನ್ನ ಕೈದು, ರೊಟ್ಟಿ ಅವಳ ಕೈದು. ಎಲ್ಲರದೂ ಆದ ಮೇಲೆ ನನ್ನ ರೊಟ್ಟಿಯನ್ನು ಮೇಲಿನಿಂದ ನನ್ನ ತಾಟಿಗೆ ಬಿಡುತ್ತಿದ್ದಳು, ತಣ್ಣಗಾದದ್ದು. ರೊಟ್ಟಿ ಬಡಿಯುವುದರಲ್ಲಿ ಲಕ್ಕಲಕಟ್ಟಿಯ ಓಣಿಗೆಲ್ಲ ನಾನು ಹೆಸರಾಗಿದ್ದೆ. ಆ ಎರಡು ವರ್ಷ ಒಂದೇ ಒಂದು ರೊಟ್ಟಿ ಬಡಿಯಲಿಲ್ಲ. ಗಂಡ ಸತ್ತ ದುಃಖ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ದಿನಾ ಹೊಟ್ಟೆ ಉರಿಸುತ್ತಿದ್ದದ್ದು ಆ ಒಲೆ.

ಹೀಗೆ ಕೆರೆಯ ದಂಡೆಯ ಜಾಲಿಗಿಡದ ಬುಡದಲ್ಲಿ ಕುಳಿತು ಹಕ್ಕಿಗಳನ್ನು ನೋಡುವುದು ನನ್ನ ಪಾಲಿಗೆ ಬಂತು. ಬೇರೆ ಯಾರು ನನ್ನ ಜೊತೆ ಕೂಡುತ್ತಿದ್ದರು?

ಎಲ್ಲಕ್ಕಿಂತ ಸಣ್ಣದು ಗುಳುಮುಳುಕ. ಬಾಲವೇ ಇಲ್ಲದ ಹಕ್ಕಿ, ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಮಳೆಗಾಲದಲ್ಲಿ ಅದರ ಕೊರಳು ಇಟ್ಟಂಗಿಯ ಕೆಂಪಾಗುತ್ತದೆ. ಗುಳುಕ್ ಎಂದು ಇಲ್ಲಿ ಮುಳುಗಿ ಎಲ್ಲೋ ದೂರದಲ್ಲಿ ಏಳುತ್ತದೆ, ಎದ್ದು ಸುತ್ತ ನೋಡಿ ಮತ್ತೆ ಮುಳುಗುತ್ತದೆ. ಮೀನಿನ ಮರಿ, ನೀರಿನ ಹುಳ, ಸಿಕ್ಕದ್ದು ತಿನ್ನುತ್ತದೆ. ಕಾಲು ತೀರ ಹಿಂದೆ ಇರುವುದರಿಂದ ದಂಡೆಗೆ ಬಂದರೆ ನಾಲ್ಕು ಹೆಜ್ಜೆ ಸರಿಯಾಗಿ ನಡೆಯಲಾರದು. ಗೂಡನ್ನು ಕೂಡ ನೀರ ಮೇಲೆಯೇ ಕಸಕಡ್ಡಿಯಿಂದ ತೇಲುವ ಹಾಗೆ ಕಟ್ಟುತ್ತದೆ. ಒದ್ದೆ ಆದೆನೆಂದು ರೆಕ್ಕೆ ಹರಡಿ ಕುಳಿತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ರೆಕ್ಕೆ ಹರಡುವವು ನೀರುಕಾಗೆಗಳು. ಇವುಗಳಲ್ಲೂ ಒಂದೇ ಜಾತಿ ಅಲ್ಲ. ಸಣ್ಣ ನೀರುಕಾಗೆಗೆ ಮೋಟು ಕೊಕ್ಕು, ಮೋಟು ಕೊರಳು. ಒಂದೋ ಎರಡೋ ಕೂಡಿ ತಮ್ಮಷ್ಟಕ್ಕೆ ಮೇಯುತ್ತವೆ. ಅದಕ್ಕಿಂತ ದೊಡ್ಡದೊಂದು ಇದೆ, ಅದರ ಕಣ್ಣು ಹಸಿರು ಗಾಜಿನ ಬಳೆಯ ಬಣ್ಣ. ಅವು ಬಂದರೆ ಹಿಂಡೇ ಬರಬೇಕು. ಸಾಲಾಗಿ ಈಜಿ ಮೀನುಗಳನ್ನು ಒಂದು ಮೂಲೆಗೆ ಅಟ್ಟಿ, ಎಲ್ಲ ಒಟ್ಟಿಗೆ ಮುಳುಗಿ, ಎಲ್ಲ ಒಟ್ಟಿಗೆ ಎದ್ದು, ಒಂದರ ಬಾಯಿಯ ಮೀನನ್ನು ಇನ್ನೊಂದು ಕಸಿಯುತ್ತವೆ. ಒಂದು ಹಾರಿದರೆ ಯಾಕೆ ಎಂದು ಕೇಳದೆ ಉಳಿದವೂ ಹಾರುತ್ತವೆ. ಅವನ್ನು ನೋಡಿದಾಗಲೆಲ್ಲ ನನಗೆ ನಮ್ಮೂರಿನ ಚಾವಡಿ ನೆನಪಾಗುತ್ತಿತ್ತು. ಎಲ್ಲ ನೀರುಕಾಗೆಗಳಿಗೂ ಕೊಕ್ಕಿನ ತುದಿ ಕುಡುಗೋಲಿನ ಹಾಗೆ ಬಾಗಿರುತ್ತದೆ, ಮೀನನ್ನು ಕಚ್ಚಿ ಹಿಡಿಯುವುದು ಅದರಿಂದಲೇ. ಈಜುವಾಗ ಬೆನ್ನು ನೀರಿನ ಮೇಲೆ ಕಾಣುತ್ತದೆ.

ಹಾವಕ್ಕಿ ಬೇರೆಯೇ. ದೂರದಿಂದ ಅದೂ ಕಪ್ಪು, ಅದೂ ಮುಳುಗುತ್ತದೆ, ಅದೂ ರೆಕ್ಕೆ ಹರಡಿ ಒಣಗಿಸುತ್ತದೆ. ಆದರೆ ಅದರ ಕೊಕ್ಕಿಗೆ ಕೊಕ್ಕೆ ಇಲ್ಲ. ದಬ್ಬಣದ ಹಾಗೆ ನೆಟ್ಟಗೆ, ಚೂಪು. ಮೀನನ್ನು ಕಚ್ಚುವುದಿಲ್ಲ, ನೀರೊಳಗೇ ಚುಚ್ಚುತ್ತದೆ. ಮೇಲೆ ಬಂದು ತಲೆ ಕೊಡವಿ ಮೀನನ್ನು ಗಾಳಿಗೆ ತೂರಿ, ತಲೆ ಕೆಳಗಾಗಿ ಬೀಳುವಾಗ ಬಾಯಿ ತೆರೆದು ನುಂಗುತ್ತದೆ. ಬಾಲ ಉದ್ದ, ಬಿಚ್ಚಿದರೆ ಬೀಸಣಿಗೆ. ಬೆನ್ನ ಮೇಲೆ ಬೆಳ್ಳಿಯ ಗೆರೆ. ಹಿಂಡಿನ ಗೊಡವೆ ಇಲ್ಲ, ನಮ್ಮ ಕೆರೆಗೆ ಬರುತ್ತಿದ್ದದ್ದು ಒಂದೇ ಒಂದು. ಮುಖ್ಯ ಮಾತೆಂದರೆ ಅದು ಈಜುವಾಗ ಮೈಯೆಲ್ಲ ನೀರೊಳಗೆ ಇರುತ್ತದೆ. ಹೊರಗೆ ಕಾಣುವುದು ಮೊಳದುದ್ದದ ಕೊರಳು, ತುದಿಯಲ್ಲಿ ಸಣ್ಣ ತಲೆ. ಅದು ಆ ಕಡೆ ಈ ಕಡೆ ತೂಗುತ್ತ ನೀರ ಮೇಲೆ ಸಾಗುತ್ತದೆ. ಮೊದಲ ಸಲ ಕಂಡಾಗ ನನಗೂ ಹಾವೇ ಅನ್ನಿಸಿತ್ತು. ಗಂಡನನ್ನು ಹಾವಿಗೆ ಕೊಟ್ಟವಳು ನಾನು, ನನಗಿಂತ ಹೆಚ್ಚು ಯಾರು ಹೆದರಬೇಕು? ಆದರೂ ಓಡಲಿಲ್ಲ, ಕುಳಿತು ನೋಡಿದೆ. ಸ್ವಲ್ಪ ಹೊತ್ತಿಗೆ ಅದು ನೀರಲ್ಲಿ ನಿಂತ ಒಣ ಮರದ ಬೊಡ್ಡೆ ಹತ್ತಿ ರೆಕ್ಕೆ ಬಿಚ್ಚಿತು. ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು.

ಇಷ್ಟರಲ್ಲಿ ನನಗೊಂದು ಕೂಡಿಕೆಯ ಮಾತು ಬಂತು. ನಮ್ಮಲ್ಲಿ ಗಂಡ ಸತ್ತವಳು ಮತ್ತೊಬ್ಬನ ಮನೆಗೆ ಹೋಗುವುದಕ್ಕೆ ಅಡ್ಡಿ ಇಲ್ಲ. ಬಾಸಿಂಗ ಇಲ್ಲ, ವಾದ್ಯ ಇಲ್ಲ. ಗಂಡಿನ ಕಡೆಯವರು ಒಂದು ಸೀರೆ ಉಡಿಸಿದರೆ ಆಯಿತು, ಉಡಿಕೆ ಎನ್ನುತ್ತಾರೆ. ಗಂಡು ನರಗುಂದದ ಕಡೆಯ ಒಂದು ಹಳ್ಳಿಯವನು, ಹೆಂಡತಿ ಸತ್ತವನು. ಹೊಲಮನೆ ಇತ್ತು. ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ ಎಂದು ಕೇಳಿದಾಗ ನನ್ನ ಕಣ್ಣಿಗೆ ಗಂಡಿಗಿಂತ ಮೊದಲು ಅವನ ಅಡುಗೆಮನೆ ಕಾಣಿಸಿತು.

ಅವನ ಹಿರಿಯ ಎಂದರೆ ಅವನ ಸೋದರಮಾವ. ದೊಡ್ಡ ರುಮಾಲು, ದೊಡ್ಡ ದನಿ. ಎರಡೂ ಸೇರಿ ಒಳಗಿನದನ್ನು ಮುಚ್ಚಿದ್ದವು. ಪಡಸಾಲೆಯಲ್ಲಿ ಕುಳಿತು ಮಾತಾಡಿದವನು ಅವನೊಬ್ಬನೇ. ನಾನು ನೀರು ಕೊಟ್ಟಾಗ ಗಂಡು ತಲೆಯೆತ್ತಿ, “ನೀರು ಭಾಳ ತಣ್ಣಗ ಅದಾವು,” ಎಂದ. ಕಡಿಮೆ ಮಾತಿನವನು, ಪಾಪ, ಒಳ್ಳೆಯವನಿರಬೇಕು ಎಂದುಕೊಂಡೆ. ಗಜೇಂದ್ರಗಡದ ಮಗ್ಗದ ಸೀರೆ ತಂದಿದ್ದರು, ಹಸಿರು ಒಡಲು, ಕೆಂಪು ದಡಿ. ಅದನ್ನು ನನ್ನ ಕೈಗೆ ಕೊಟ್ಟು, ಉಡಿಸುವ ದಿನ ಆಮೇಲೆ ಹೇಳುತ್ತೇವೆ ಎಂದರು.

ಅದಕ್ಕೆ ಮೊದಲು ಒಂದು ಪದ್ಧತಿ ಮುಗಿಯಬೇಕಿತ್ತು. ಸತ್ತ ಗಂಡನ ಅಪ್ಪಣೆ ಕೇಳುವುದು. ಗಂಡಿನ ಹಿರಿಯ ಊರ ಕೆರೆಗೆ ಹೋಗಿ, ಸತ್ತವನನ್ನು ನೆನೆದು, ಎಲೆಯ ಮೇಲೆ ಅಡಿಕೆ ಇಟ್ಟು ನೀರಿಗೆ ಬಿಡಬೇಕು. ಎಲೆ ತನ್ನ ಪಾಡಿಗೆ ತೇಲಿ ಹೋದರೆ ಅವನ ಒಪ್ಪಿಗೆ ಇದೆ ಎಂದು ಅರ್ಥ. ಬದುಕಿದ್ದವಳ ಒಪ್ಪಿಗೆ ಕೇಳಲು ಒಬ್ಬರೂ ಎಲೆ ಹಿಡಿದುಕೊಂಡು ಬಂದಿರಲಿಲ್ಲ. ನಾನು ಎಂದಿನಂತೆ ಬಟ್ಟೆಯ ಗಂಟಿನ ಜೊತೆ ಆಚೆ ದಂಡೆಯಲ್ಲಿದ್ದೆ. ಅವರು ಈಚೆ ಮೆಟ್ಟಿಲ ಹತ್ತಿರ ಬಂದರು: ಮಾವ, ಗಂಡು, ಅಣ್ಣ, ಊರಿನ ನಾಲ್ಕಾರು ಹಿರಿಯರು. ಮಾವ ಮೆಟ್ಟು ಬಿಟ್ಟು, ರುಮಾಲು ಸರಿಮಾಡಿ, ನೀರಿಗಿಳಿದು ಎಲೆ ಬಿಟ್ಟ. ಎಲೆ ಚೆನ್ನಾಗಿಯೇ ತೇಲಿತು.

ಆಗ ಎಲೆಯ ಹಿಂದೆಯೇ ಹಾವಕ್ಕಿ ಎದ್ದಿತು. ಮೊಳದುದ್ದ ಕೊರಳು ನೆಟ್ಟಗೆ ನಿಂತಿತು, ತಲೆ ಓರೆಮಾಡಿ ಮಾವನನ್ನು ನೋಡಿತು, ಹಾಗೆಯೇ ಸದ್ದಿಲ್ಲದೆ ಇಳಿದುಹೋಯಿತು.

“ಹಾವೋ! ಯಪ್ಪಾ, ಸತ್ತಾವ ಬಂದಾನೋ! ಹಾವಾಗಿ ಬಂದಾನೋ!” ಎಂದು ಮಾವ ಕಿರುಚಿದ್ದು ಆಚೆ ದಂಡೆಗೂ ಕೇಳಿಸಿತು. ಕಾಲಿಗೆ ಬುದ್ಧಿ ಹೇಳಿದ. ಅವನ ಹಿಂದೆ ಹಿರಿಯರು, ಹಿರಿಯರ ಹಿಂದೆ ಅಣ್ಣ, ಎಲ್ಲರ ಹಿಂದೆ ಗಂಡು. ಮೆಟ್ಟುಗಳೆಲ್ಲ ಮೆಟ್ಟಿಲ ಮೇಲೆಯೇ ಉಳಿದವು. ರುಮಾಲು ಬಿಚ್ಚಿ ಜಾಲಿಯ ಮುಳ್ಳಿಗೆ ಸಿಕ್ಕಿತ್ತು. ನಾನು ನಕ್ಕೆ. ದೇವರಾಣೆ, ಬಟ್ಟೆಯ ಕಲ್ಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಹೊಸ ಮನೆಯ ಬಾಗಿಲು ಮುಚ್ಚುತ್ತಿರುವುದನ್ನೇ ನೋಡಿ ನಗುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅವರು ಬಂಡಿ ಹೂಡಿಕೊಂಡು ಹೋಗಿದ್ದರು. ಕೂಡಿಕೆ ಮುರಿಯಿತು, ಸೀರೆ ಒಯ್ಯಲು ಇನ್ನೊಮ್ಮೆ ಬರುತ್ತೇವೆ ಎಂದು ಹೇಳಿ ಹೋಗಿದ್ದರು. ಅತ್ತಿಗೆ ಮಕ್ಕಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅಲ್ಲೇ ನಿಂದರವಾ. ಅದು ನಿನ್ನ ಬೆನ್ನ ಹತ್ತಿ ಬಂದಿಲ್ಲೋ ನೋಡು ಮೊದಲ.”

“ಏನು ಬರತದ ಅತ್ತಿಗೀ? ಅದು ಹಕ್ಕಿ.”

“ಹಕ್ಕಿ ನೀರಾಗ ಹೆಡಿ ಎತ್ತತದೇನ? ಹಿರ್ಯಾರೆಲ್ಲಾ ಕಣ್ಣಾರೆ ಕಂಡಾರ, ನೀ ಒಬ್ಬಾಕಿ ಶಾಣ್ಯಾಕಿ!”

ಮರುದಿನದಿಂದ ಊರಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಕೆರೆಯ ಮೆಟ್ಟಿಲ ಹತ್ತಿರ ಒಂದು ಕಲ್ಲು ನೆಟ್ಟರು, ಅರಿಶಿನ ಬಳಿದರು. ಓಣಿಯ ಹೆಂಗಸರು ತಂಬಿಗೆಯಲ್ಲಿ ಹಾಲು ತಂದು ಅದಕ್ಕೆ ಸುರಿಯತೊಡಗಿದರು. ಹಾಲು ಕುಡಿದದ್ದು ಊರ ನಾಯಿ. ಅದರ ಮೈ ಆ ತಿಂಗಳು ಎಷ್ಟು ಮಿರುಗಿತೆಂದರೆ ಗೌಡರ ಎತ್ತಿಗೆ ಅಂಥ ಮೈ ಇರಲಿಲ್ಲ. ನನಗೆ ಹಾವಿನ ಹೆಂಡತಿ ಎಂದು ಹೆಸರಿಟ್ಟರು. ಬೀಸುವ ಕಲ್ಲಿಗೆ ಜೊತೆಗೂಡುತ್ತಿದ್ದ ಪಕ್ಕದ ಮನೆಯವಳು ಬರುವುದನ್ನು ಬಿಟ್ಟಳು. ಕೆರೆಗೆ ಹೋಗುವುದೂ ನಿಂತಿತು. ಮೊದಲು ಒಲೆ ಇರಲಿಲ್ಲ, ಈಗ ಜಾಲಿಯ ನೆರಳೂ ಇಲ್ಲ. ಇಂಥ ಮಾತು ಒಮ್ಮೆ ಅಂಟಿದರೆ ಯಾವ ಊರಿನಿಂದಲೂ ಇನ್ನೊಂದು ಕೂಡಿಕೆ ಬರುವುದಿಲ್ಲ, ಸಾಯುವವರೆಗೆ ತಣ್ಣಗಿನ ರೊಟ್ಟಿಯೇ ಗತಿ ಎಂದು ನನಗೆ ಗೊತ್ತಿತ್ತು. ದನದ ಕೊಟ್ಟಿಗೆಯಲ್ಲಿ ಕುಳಿತು ಅತ್ತುಬಿಟ್ಟೆ. ಅಳುವಾಗ ಕೂಡ ಸಿಟ್ಟೇ ಹೆಚ್ಚಿತ್ತು.

ಕೊನೆಗೆ ಅಣ್ಣನನ್ನು ಹಿಡಿದು ನಿಲ್ಲಿಸಿದೆ. “ಅಣ್ಣಾ, ಅದು ಹಾವಲ್ಲ. ನಾ ಎರಡು ವರ್ಷದಿಂದ ನೋಡೀನಿ. ಹಕ್ಕಿ.”

ಅಣ್ಣನ ಮುಖ ಅರಳಿತು. ನನ್ನ ಮೇಲಿನ ಪ್ರೀತಿಗಲ್ಲ, ನಾನು ಮನೆ ಬಿಟ್ಟು ಹೋಗುವ ದಾರಿ ಮತ್ತೆ ತೆರೆಯಿತಲ್ಲ ಎಂದು. “ಖರೇ? ನೀರಕಾಗಿ ಏನ?”

“ನೀರಕಾಗಿ ಅಲ್ಲ, ಹಾವಕ್ಕಿ. ಕೊರಳ ಉದ್ದ ಇರತದ, ಕೊಕ್ಕು ನೆಟ್ಟಗ...”

“ಆತ ಬಿಡ, ಎಲ್ಲಾ ಒಂದ!” ಎಂದು ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋದ.

ಎಲ್ಲಾ ಒಂದ! ಅವನ ಬಿಳಿ ಎತ್ತಿಗೂ ಪಕ್ಕದವನ ಬಿಳಿ ಎತ್ತಿಗೂ ವ್ಯತ್ಯಾಸ ಇಲ್ಲ ಎಂದು ಯಾರಾದರೂ ಅಂದಿದ್ದರೆ ಹೊಡೆದಾಟವೇ ಆಗುತ್ತಿತ್ತು.

ಸೀರೆ ಒಯ್ಯಲು ಮಾವ ಬರುವ ದಿನ ಅಣ್ಣ ಊರು ಕಾಯುವ ವಾಲೀಕಾರನಿಗೆ ಹೇಳಿ ಕೆರೆಯಲ್ಲಿ ಬಲೆ ಹಾಕಿಸಿದ. “ಕರೇದು ಯಾವುದರ ಹಿಡಿ,” ಎಂದಿದ್ದನಂತೆ. ಬುಟ್ಟಿ ಪಡಸಾಲೆಗೆ ಬಂತು. ಮಾವ ಬಂದ, ಹೊಸ ರುಮಾಲು, ಬಿಳಿ ಧೋತರ. ಬಂಡಿ ಹೊಡೆದುಕೊಂಡು ಬಂದವನು ಆ ಗಂಡು. ಅವನು ಅಂಗಳದಲ್ಲೇ ಎತ್ತಿನ ಹಗ್ಗ ಹಿಡಿದು ನಿಂತ. ನಾನು ನಡುಮನೆಯ ಬಾಗಿಲ ಹಿಂದೆ ಇದ್ದೆ. ಮಡಿಚಿದ ಸೀರೆಯನ್ನು ಅತ್ತಿಗೆ ಆಗಲೇ ತಂದು ಮಾವನ ಮುಂದೆ ಇಟ್ಟಿದ್ದಳು.

ಅಣ್ಣ ಗಂಟಲು ಸರಿಮಾಡಿಕೊಂಡು, “ಮಾವಾರ, ನೀವು ಕಂಡದ್ದು ಹಾವಲ್ರಿ. ಇಲ್ಲಿ ನೋಡ್ರಿ, ಇದು,” ಎಂದು ದೊಡ್ಡ ಗತ್ತಿನಲ್ಲಿ ಬುಟ್ಟಿಯ ಮುಚ್ಚಳ ತೆಗೆದ.

ಒಳಗಿದ್ದದ್ದು ಸಣ್ಣ ನೀರುಕಾಗೆ. ಮೋಟು ಕೊರಳು, ಕೊಕ್ಕೆಯ ಕೊಕ್ಕು. ನೋಡಿದ ಕೂಡಲೇ ನನಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಮಾವ ಬಗ್ಗಿ ನೋಡಿದ. ಹೆದರಿದ ನೀರುಕಾಗೆ ಹೊಟ್ಟೆ ಹಗುರ ಮಾಡಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿರಲಿಲ್ಲ. ಕೊರಳು ಮುಂದೆ ಚಾಚಿ, ಬಾಯಿ ತೆರೆದು, ಬೆಳಗಿನಿಂದ ನುಂಗಿದ್ದ ಮೀನುಗಳನ್ನೆಲ್ಲ ಮಾವನ ಬಿಳಿ ಧೋತರದ ಮೇಲೆ ಕಾರಿಬಿಟ್ಟಿತು. ಅರೆ ಜೀರ್ಣವಾದ ಮೀನು, ಮೀನು ಬೇಯಿಸಿದ ಹೊಗೆಯನ್ನು ಕೂಡ ಕಾಣದ ಆ ಪಡಸಾಲೆಯಲ್ಲಿ!

“ಶಿವಶಿವಾ! ಹಾವು ತೋರಸ್ತೀನಿ ಅಂತ ಕೂಡಿಸಿ ಮೈಮ್ಯಾಲ ಮೀನ ಕಾರಿಸಿದೆಲ್ಲೋ!” ಮಾವ ಕುಣಿದ. ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಸಗಣಿನೀರಿಗೆ ಓಡಿದಳು. ಅಣ್ಣ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದ.

“ಇದಕ್ಕ ಕೊರಳ ಎಲ್ಲಿ ಅದೋ? ನನ್ನ ಗೇಣಿಗೂ ಬರೂದಿಲ್ಲ. ಕೊಕ್ಕು ಸೊಟ್ಟ! ನಾ ಕಂಡದ್ದು ಮೊಳದುದ್ದ, ಸಣ್ಣ ತಲಿ, ಈಟಿ ಹಂಗ ನೆಟ್ಟಗ ಇತ್ತು. ಮೈ ನೀರಾಗ, ಬರೇ ಕೊರಳ ಮ್ಯಾಲ. ಅದು ಹಾವಲ್ಲದ ಮತ್ತೇನು?”

ಆ ಮುದುಕ ಹಾವಕ್ಕಿಯ ಲಕ್ಷಣವನ್ನು ಒಂದೂ ಬಿಡದೆ ತನ್ನ ಬಾಯಿಂದಲೇ ಹೇಳಿದ. ನನಗೆ ಇನ್ನು ತಡೆಯಲಾಗಲಿಲ್ಲ. ಮೀನು ಬಿದ್ದ ಧೋತರವನ್ನು ಮನೆಯ ನೀರಿನಲ್ಲಿ ತೊಳೆಯಲು ಅತ್ತಿಗೆ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಬಾಗಿಲು ದಾಟಿ ಹೊರಗೆ ಬಂದೆ.

“ಮಾವಾರ, ಧೋತರ ತೊಳಕೋಳಾಕ ಹ್ಯಾಂಗೂ ಕೆರೀಗೆ ಹೋಗಬೇಕಲ್ರಿ? ನಡೀರಿ. ನೀವು ಹೇಳಿದ ಹಾವು ನಾ ತೋರಸ್ತೀನಿ.”

ಹೆಂಗಸು ಹೀಗೆ ಮಾತಾಡಿದ್ದಕ್ಕೆ ಎಲ್ಲರೂ ಬಾಯಿ ತೆರೆದರು. ಆದರೆ ಮೈಮೇಲೆ ಮೀನು ಇರುವಾಗ ಮರ್ಯಾದೆಯ ಮಾತು ಎಷ್ಟು ಹೊತ್ತು ನಡೆಯುತ್ತದೆ? ಮಾವ ಸೀರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಅಣ್ಣ ಬುಟ್ಟಿ ಹೊತ್ತುಕೊಂಡ. ಗಂಡು ಎತ್ತು ಕಟ್ಟಿ ಹಿಂದೆ ಬಂದ.

ದಂಡೆಯಲ್ಲಿ ಅಣ್ಣನಿಗೆ ಬುಟ್ಟಿ ತೆರೆಯಲು ಹೇಳಿದೆ. ನೀರುಕಾಗೆ ಕೊರಳು ಮುಂದಕ್ಕೆ ನೆಟ್ಟಗೆ ಚಾಚಿ ನೀರಿಗೆ ತಾಗುವಷ್ಟು ಕೆಳಗೆ ಹಾರಿ, ತನ್ನ ಜೊತೆಯದರ ಪಕ್ಕದಲ್ಲಿ ಹೋಗಿ ಇಳಿಯಿತು. “ಅದು ಈಸೂದು ನೋಡ್ರಿ, ಬೆನ್ನ ಕಾಣತದ,” ಎಂದೆ. “ಅಲ್ಲಿ ಸಣ್ಣದು ಗುಳುಕ್ ಅಂತಲ್ಲ, ಅದು ಗುಳುಮುಳುಕ.” ಮಾವ ಧೋತರದ ಅಂಚು ತೊಳೆದು ಹಿಂಡುತ್ತ, “ಕಾಗಿ ಗೂಗಿ ಪುರಾಣ ಯಾರಿಗೆ ಬೇಕು,” ಎಂದು ಗೊಣಗಿದ. ನನ್ನ ಕಣ್ಣು ಒಣ ಬೊಡ್ಡೆಯ ಸುತ್ತ ಹುಡುಕುತ್ತಿತ್ತು. ಇವತ್ತು ಅದು ಬರದಿದ್ದರೆ ನನ್ನ ಗತಿ ಏನು?

ಬಂತು. ಹಾಲಿನ ಕಲ್ಲಿನ ಎದುರಿಗೇ ಕೊರಳು ಎದ್ದಿತು. ಮಾವ ಧೋತರದ ಅಂಚು ಬಿಟ್ಟು ಅಣ್ಣನ ತೋಳು ಹಿಡಿದ.

“ನಿಂದರ್ರಿ!” ಎಂದೆ. ಎತ್ತಿಗೆ ಹೇಳುವ ದನಿಯಲ್ಲೇ ಹೇಳಿರಬೇಕು, ನಿಂತ.

ಕೊರಳು ತೂಗುತ್ತ ನಮ್ಮ ಮುಂದೆ ಸಾಗಿತು, ಮುಳುಗಿತು. ಎದ್ದಾಗ ದಬ್ಬಣದಂಥ ಕೊಕ್ಕಿಗೆ ಮೀನೊಂದು ಚುಚ್ಚಿಕೊಂಡು ಒದ್ದಾಡುತ್ತಿತ್ತು. ಹಾವಕ್ಕಿ ತಲೆ ಕೊಡವಿತು, ಮೀನನ್ನು ಮೇಲೆ ತೂರಿತು, ನುಂಗಿತು. ಕೊರಳಲ್ಲಿ ಮೀನಿನ ಉಬ್ಬು ಇಳಿಯುವುದು ದಂಡೆಗೇ ಕಾಣುತ್ತಿತ್ತು. ಆಮೇಲೆ ಬೊಡ್ಡೆಯ ಹತ್ತಿರ ಹೋಗಿ ಕಾಲೂರಿ ಹತ್ತಿತು. ಮೈ ಬಂತು, ಬೆಳ್ಳಿಯ ಗೆರೆ ಬಂತು, ಉದ್ದ ಬಾಲ ಬಂತು. ನೀರು ಸುರಿಯುವ ರೆಕ್ಕೆಗಳೆರಡನ್ನೂ ಅಗಲಿಸಿ ಬಿಸಿಲಿಗೆ ಹಿಡಿದು ಕುಳಿತಿತು.

ಮಾವ ಬಹಳ ಹೊತ್ತು ನೋಡಿದ. “ಹೂಂ,” ಎಂದ. “ಹಕ್ಕೀನ ಅದು.” ಅಷ್ಟು ಹೇಳುವುದಕ್ಕೆ ಅವನಿಗೆ ಹಲ್ಲು ಕಿತ್ತಷ್ಟು ಕಷ್ಟವಾಯಿತು. ಆಮೇಲೆ ದನಿ ಏರಿಸಿ, ತಾನೇ ಇದನ್ನು ಕಂಡುಹಿಡಿದವನ ಹಾಗೆ, “ನಡೀರಿ ನಡೀರಿ, ಅಪ್ಪಣಿ ಆಗೇದ. ಲಗೂ ಒಂದು ದಿನ ನೋಡಿ ಉಡಿಕಿ ಮುಗಸೂಣು. ತಗೋವಾ, ಸೀರಿ ನಿಂದ,” ಎಂದು ಗಂಟನ್ನು ನನ್ನ ಕೈಗೆ ಕೊಟ್ಟ.

ನನಗೆ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ? ಸೀರೆಯನ್ನು ಎದೆಗೆ ಒತ್ತಿ ಹಿಡಿದೆ. ಯಾವ ಗೋಡೆಗೆ ಒಲೆ ಹೂಡಬೇಕು, ಕಟ್ಟಿಗೆ ಎಲ್ಲಿ ಒಟ್ಟಬೇಕು ಎಂದು ಆ ಗಳಿಗೆಯಲ್ಲೇ ಲೆಕ್ಕ ಹಾಕಿದೆ. ಪಕ್ಕದಲ್ಲಿ ನಿಂತಿದ್ದ ಗಂಡೂ ನಕ್ಕ. ನನ್ನ ಕಡೆ ಸ್ವಲ್ಪ ಬಾಗಿ, ಸಲಿಗೆಯಿಂದ ಮೆಲ್ಲಗೆ ಹೇಳಿದ:

“ನನಗ ಆವತ್ತ ಗೊತ್ತಾಗಿತ್ತು. ನಮ್ಮ ಬೆಣ್ಣಿಹಳ್ಳದ ಮಡುವಿನ್ಯಾಗ ಇವು ಭಾಳ ಅದಾವು. ಹಾವಕ್ಕಿ.”

ಹೆಸರು ಕೂಡ ಗೊತ್ತಿತ್ತು ಅವನಿಗೆ.

“ಗೊತ್ತಿತ್ತು?” ಎಂದೆ. “ಮತ್ತ ಯಾಕ ಹೇಳಲಿಲ್ರಿ?”

ಅವನು ಮೊದಲು ಮಾವನ ಕಡೆ ನೋಡಿದ, ಆಮೇಲೆ ನನ್ನ ಕಡೆ. “ಹಿರ್ಯಾರು ಹಾವು ಅಂದ ಮ್ಯಾಲ ನಾ ಹಕ್ಕಿ ಅಂತ ಹ್ಯಾಂಗ ಅನ್ಲಿ? ಎಲ್ಲಾರೂ ಓಡಿದ್ರು, ನಾನೂ ಓಡಿದೆ.”

“ಇಷ್ಟು ದಿನ ಈ ಊರು ನನಗ ಹಾವಿನ ಹೇಣ್ತಿ ಅಂತು. ನಿಮ್ಮ ಕಿವಿಗೆ ಬಿತ್ತೋ ಇಲ್ಲೋ?”

“ಬಿತ್ತು.”

ಅಷ್ಟೇ ಹೇಳಿದ. ನಾಚಿಕೆಯೂ ಇಲ್ಲ, ದುಃಖವೂ ಇಲ್ಲ. ನೀರು ತಣ್ಣಗಿವೆ ಎಂದು ಹೇಳಿದ ಅದೇ ದನಿ.

ಮುದುಕನ ಮೇಲೆ ನನಗೆ ಇವತ್ತಿಗೂ ಅಂಥ ಸಿಟ್ಟಿಲ್ಲ. ಅವನು ಹಾವು ಎಂದು ನಂಬಿದ, ಹೆದರಿದ, ಓಡಿದ. ಅಣ್ಣ ದಡ್ಡ, ಅತ್ತಿಗೆ ಪುಕ್ಕಲಿ, ಊರು ಊರೇ. ಇವನು ಮಾತ್ರ ಕಣ್ಣು ನೆಟ್ಟಗಿದ್ದು, ಒಂದು ಮಾತಿಗೆ ನನ್ನ ಬಾಳು ನಿಂತಿದೆ ಎಂದು ತಿಳಿದಿದ್ದು, ಆ ಒಂದು ಮಾತನ್ನು ಬಾಯೊಳಗೇ ಇಟ್ಟುಕೊಂಡು ಬಂಡಿ ಹೊಡೆದುಕೊಂಡು ಊರಿಗೆ ಹೋದ, ಉಂಡ, ಮಲಗಿದ. ಮತ್ತೆ ಅದೇ ಬಂಡಿಯಲ್ಲಿ ಸೀರೆ ಒಯ್ಯಲು ಬಂದ. ಇಂಥವನ ಮನೆಯಲ್ಲಿ ನಾನು ಒಲೆ ಹಚ್ಚಿದರೆ, ನಾಳೆ ಯಾರೋ ಬಂದು ಇವಳ ಒಲೆ ಆರಿಸಿ ಎಂದರೆ ಇವನು ನೀರಿನ ಕೊಡ ಹಿಡಿದುಕೊಂಡು ನಿಲ್ಲುವವನು. ಥೂ!

ಸೀರೆಯನ್ನು ಅವನ ಹೆಗಲ ಮೇಲೆ ಹಾಕಿದೆ. “ತಗೊಂಡ ಹೋಗ್ರಿ.”

“ಹುಚ್ಚು ಹಿಡದದೇನ ಈಕಿಗೆ?” ಎಂದು ಮಾವ ಕೂಗಿದ. “ಮತ್ತ ನಿನ್ನ ಯಾರು ಮಾಡ್ಕೋತಾರ?”

“ಯಾರೂ ಮಾಡ್ಕೋಬ್ಯಾಡ್ರಿ.”

ಗಂಡು ಏನಾದರೂ ಅಂದಾನು ಎಂದು ಒಂದು ಗಳಿಗೆ ಕಾದೆ. ಅವನು ಹೆಗಲ ಮೇಲೆ ಸೀರೆ ಹಾಕಿಕೊಂಡು ಮಾವನ ಮುಖ ನೋಡುತ್ತ ನಿಂತಿದ್ದ. ನಾನು ಮನೆಯ ದಾರಿ ಹಿಡಿದೆ.

ಮನೆಯಲ್ಲಿ ಅಣ್ಣ ಹಾರಾಡಿದ, ಅತ್ತಿಗೆ ಎದೆ ಬಡಿದುಕೊಂಡಳು. ಇಡೀ ಊರಿಗೆ ಹಕ್ಕಿಯ ಸಂಗತಿ ಗೊತ್ತಾಯಿತು, ಆದರೂ ಕಲ್ಲಿಗೆ ಹಾಲು ನಿಲ್ಲಲಿಲ್ಲ. ನೆಟ್ಟ ಕಲ್ಲನ್ನು ಕೀಳುವುದು ಹೇಗೆ ಎಂದರು. ಅತ್ತಿಗೆಯೂ ತಂಬಿಗೆ ಹಿಡಿದು ಹೋಗಿ ಬರುತ್ತಿದ್ದಳು. ಅವಳ ಕಣ್ಣಲ್ಲಿ ನಾನು ಇನ್ನೂ ಹಾವಿನ ಹೆಂಡತಿಯೇ. ಒಂದು ದಿನ ಅವಳು ನನ್ನ ತಾಟಿಗೆ ರೊಟ್ಟಿ ಬಿಡುವಾಗ ಕೈ ಹಿಂದಕ್ಕೆ ಎಳೆದುಕೊಂಡದ್ದು ನೋಡಿದೆ. ಅವರ ದಡ್ಡತನದಿಂದ ಇಷ್ಟು ಅನುಭವಿಸಿದವಳು ಅದರಿಂದ ಒಂದಿಷ್ಟು ಉಪಯೋಗ ಯಾಕೆ ಪಡೆಯಬಾರದು ಎನ್ನಿಸಿತು.

“ಅತ್ತಿಗೀ,” ಎಂದೆ, “ನನ್ನಂಥಾಕಿ ನಿಮ್ಮ ಒಲಿ ಹತ್ರ ಇರೂದು ಚಲೋ ಅಲ್ಲ. ಮಕ್ಳು ಅದಾವು. ದನದ ಕೊಟ್ಟಿಗಿ ಬಾಜೂಕ ನನಗೊಂದು ಗೂಡು ಬಿಟ್ಟುಕೊಡ್ರಿ. ನೂಲು ತಗದು ಗಜೇಂದ್ರಗಡದ ಮಗ್ಗದವ್ರಿಗೆ ಕೊಟ್ಟು ನನ್ನ ಹೊಟ್ಟಿ ನಾ ನೋಡ್ಕೋತೀನಿ.”

ಅವಳು ಅಷ್ಟು ಬೇಗ ಒಪ್ಪಿದ್ದನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ. ಅಣ್ಣ ತಾನೇ ಬಂದು ತಡಿಕೆ ಕಟ್ಟಿದ. ನಾನು ಕೆರೆಯ ದಂಡೆಯಿಂದ ಜಿಗಿ ಮಣ್ಣು ತಂದೆ, ಕಲ್ಲು ತಂದೆ, ಒಲೆ ಹೂಡಿದೆ. ಅದು ಒಣಗುವವರೆಗೆ ಮುಟ್ಟಿ ಮುಟ್ಟಿ ನೋಡಿದೆ. ಒಣಗಿದ ದಿನ ಸಂಜೆ ಅತ್ತಿಗೆ ತಡಿಕೆಯ ಆಚೆ ನಿಂತು ಇಣುಕಿದಳು.

“ಒಬ್ಬಾಕಿನ ಹ್ಯಾಂಗ ಇರ್ತೀಯವಾ ಇಲ್ಲಿ? ಹೆದರಿಕಿ ಬರೂದಿಲ್ಲೇನ?”

“ಜೋಡಿಗೆ ಆ ಹಾವು ಅದ ನೋಡ್ರಿ ಅತ್ತಿಗೀ,” ಎಂದೆ.

ಅವಳು ಹೋದ ರಭಸಕ್ಕೆ ತಡಿಕೆ ಅಲುಗಾಡಿತು. ನಾನು ಹೆಂಚು ಇಟ್ಟು, ಹಿಟ್ಟು ಕಲಸಿ, ಎರಡು ವರ್ಷದ ಮೇಲೆ ಮೊದಲ ರೊಟ್ಟಿ ಬಡಿದೆ. ಕೈ ಮರೆತಿರಲಿಲ್ಲ. ರೊಟ್ಟಿ ಉಬ್ಬಿತು, ಬಿಸಿಬಿಸಿಯಾಗಿಯೇ ತಿಂದೆ.